ಮೊದಲು ಗೋಡೆ ತೊಳೆಯಿರಿ

ಪ್ರಶ್ನೆ: ಮನೆಯ ಮುಂಭಾಗ ಮಂಕಾಗಿದೆ, ಗೇಟು ತುಕ್ಕು ಹಿಡಿದಿದೆ. ಕೈಯಲ್ಲಿ ದುಡ್ಡು ಕಮ್ಮಿ. ನಾನೇ ಏನು ಮಾಡಬಹುದು?

ಉತ್ತರ: ಸದ್ಯಕ್ಕೆ ಬಣ್ಣದ ಡಬ್ಬ ತರಬೇಡಿ. ಎಷ್ಟೋ ಸಲ ಗೋಡೆಯ ಬಣ್ಣ ಹೋಗಿರುವುದಿಲ್ಲ, ಸುಮ್ನೆ ಧೂಳು, ಪಾಚಿ ಕೂತಿರುತ್ತದೆ ಅಷ್ಟೇ. ಸೋಪಿನ ನೀರು, ಗಟ್ಟಿ ಬ್ರಷ್ ಸಾಕು.

ಗೇಟಿಗೆ ಮಾತ್ರ ಆತುರ ಬೇಡ. ತುಕ್ಕಿನ ಮೇಲೇ ಪೇಂಟ್ ಬಳಿದರೆ ಒಳಗೊಳಗೇ ತುಕ್ಕು ಬೆಳೆದು ಬಣ್ಣ ಸಿಪ್ಪೆಯಂತೆ ಏಳುತ್ತದೆ (ನಾನೂ ಒಮ್ಮೆ ಹಾಗೇ ಮಾಡಿ ಕೈಸುಟ್ಟುಕೊಂಡಿದ್ದೇನೆ). ವೈರ್ ಬ್ರಷ್‌ನಿಂದ ಕೆರೆದು, 80 ನಂಬರಿನ ಉಪ್ಪುಕಾಗದದಿಂದ ಉಜ್ಜಿ, ಒರೆಸಿ, ರೆಡ್ ಆಕ್ಸೈಡ್ ಪ್ರೈಮರ್ (ತುಕ್ಕು ತಡೆಯಲು ಪೇಂಟಿಗೂ ಮೊದಲು ಬಳಿಯುವ ಕೆಂಪು ಪದರ) ಹಚ್ಚಿ. ಅದು ಪೂರ್ತಿ ಒಣಗಿದ ಮೇಲೆ ಎನಾಮೆಲ್ ಪೇಂಟ್, ತೆಳುವಾಗಿ 2 ಸಲ. ಗೇಟು ತುಂಬಾ ಹಳೆಯದಾ? ಆ ಹಳೇ ಬಣ್ಣದಲ್ಲಿ ಸೀಸ (ಲೆಡ್ ಎಂಬ ವಿಷಕಾರಿ ಲೋಹ) ಇರಬಹುದು. ನೀರು ಚಿಮುಕಿಸಿಕೊಂಡು ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರವಿಡಿ.