ತಂದೆಯವರ ರಿವಾಲ್ವರನ್ನು ನಾನು ದಿನವೂ ಜೊತೆಗೆ ಒಯ್ಯಬಹುದೇ?

ಪ್ರಶ್ನೆ: ನಾನು ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿ, ವಯಸ್ಸು 38. ವಿಜಯಪುರದ ಎಪಿಎಂಸಿಯಲ್ಲಿ ಸವಾಲು (ಹರಾಜು) ಮುಗಿಸಿ ರಾತ್ರಿ ಎಂಟರ ಸುಮಾರಿಗೆ ಬೈಕಿನಲ್ಲಿ ಊರಿಗೆ ಮರಳುವಾಗ ಎಷ್ಟೋ ಸಲ ನಗದು ನನ್ನ ಹತ್ತಿರವೇ ಇರುತ್ತದೆ. ಕಳೆದ ತಿಂಗಳು ಇಬ್ಬರು ಬಹಳ ದೂರ ಬೆನ್ನು ಹತ್ತಿ ಬಂದರು. 72 ವರ್ಷದ ನಮ್ಮ ತಂದೆಯವರ ಹೆಸರಿನಲ್ಲಿ ಪರವಾನಗಿ ಇರುವ .32 ರಿವಾಲ್ವರ್ ಇದೆ. ಮೂವತ್ತು ವರ್ಷದಿಂದ ತಿಜೋರಿಯಲ್ಲಿಯೇ ಇದೆ. ಅದನ್ನು ನಾನು ದಿನವೂ ಒಯ್ಯಬಹುದೇ, ಹೇಗೆ ಒಯ್ಯಬೇಕು, ದಯವಿಟ್ಟು ತಿಳಿಸಿರಿ.

ಉತ್ತರ (ನಿವೃತ್ತ ಪೊಲೀಸ್ ಆರ್ಮರರ್ ಅಂದರೆ ಶಸ್ತ್ರ ದುರಸ್ತಿಗಾರರು, ಬೆಳಗಾವಿ): ಈಗಿರುವ ಸ್ಥಿತಿಯಲ್ಲಿ ಆ ರಿವಾಲ್ವರನ್ನು ನೀವು ಒಂದು ದಿನವೂ ಒಯ್ಯುವಂತಿಲ್ಲ. ಶಸ್ತ್ರದ ಪರವಾನಗಿ ಮನೆತನಕ್ಕೆ ಕೊಟ್ಟದ್ದಲ್ಲ, ಅದರಲ್ಲಿ ಯಾರ ಫೋಟೋ ಅಂಟಿಸಿದೆಯೋ ಅವರೊಬ್ಬರಿಗೆ ಕೊಟ್ಟದ್ದು. ತಂದೆಯವರ ರಿವಾಲ್ವರ್ ನಿಮ್ಮ ಸೊಂಟದಲ್ಲಿ ಸಿಕ್ಕರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ದೃಷ್ಟಿಯಲ್ಲಿ ನೀವು ಪರವಾನಗಿ ಇಲ್ಲದೆ ಶಸ್ತ್ರ ಇಟ್ಟುಕೊಂಡವರಾಗುತ್ತೀರಿ. 2019ರ ತಿದ್ದುಪಡಿಯ ನಂತರ ಈ ಅಪರಾಧಕ್ಕೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸೆರೆವಾಸವಿದೆ, ಮತ್ತು ನಿಮ್ಮ ಕೈಗೆ ಕೊಟ್ಟ ತಂದೆಯವರೂ ಈ ವಯಸ್ಸಿನಲ್ಲಿ ಪ್ರಕರಣದಲ್ಲಿ ಸಿಲುಕುತ್ತಾರೆ. ದುರಸ್ತಿಗಾಗಿ ಅಥವಾ ಪರವಾನಗಿ ನವೀಕರಣಕ್ಕಾಗಿ, ಅವರ ಲಿಖಿತ ಪತ್ರ ಹಿಡಿದುಕೊಂಡು ಒಯ್ಯುವುದಕ್ಕೆ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಆತ್ಮರಕ್ಷಣೆಗೆಂದು ದಿನವೂ ಕಟ್ಟಿಕೊಂಡು ತಿರುಗುವುದು ಅದರಲ್ಲಿ ಸೇರುವುದಿಲ್ಲ.

ಸರಿಯಾದ ದಾರಿ ಇದೆ, ಅದು ನಿಮಗೆ ಅನುಕೂಲವಾಗಿಯೂ ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿದಾರರಿಗೆ 70 ವರ್ಷ ತುಂಬಿದಾಗ ಅಥವಾ ಅವರು ಶಸ್ತ್ರವನ್ನು 25 ವರ್ಷ ಹೊಂದಿದ್ದಾಗ, ಯಾವುದು ಮೊದಲೋ ಆಗ, ತಮ್ಮ ವಾರಸುದಾರರಿಗೆ ಅದನ್ನು ವಹಿಸಲು ಕೇಳಿಕೊಳ್ಳಬಹುದು. ನಿಮ್ಮ ತಂದೆಯವರಿಗೆ ಎರಡೂ ಅನ್ವಯಿಸುತ್ತವೆ. ತಿಕೋಟಾ ತಾಲ್ಲೂಕಿನವರಾದ ನೀವು ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಕೊಡಬೇಕು. ಪೊಲೀಸ್ ವರದಿ ಬರಬೇಕು, ಶಸ್ತ್ರ ಸುರಕ್ಷತೆಯ ತರಬೇತಿ ಪಡೆದಿರಬೇಕು, ಆ ಮೇಲೆ ಪರವಾನಗಿ ನಿಮ್ಮ ಹೆಸರಿಗೆ ಆಗುತ್ತದೆ. ಅರ್ಜಿ ತಿರಸ್ಕೃತವಾದರೆ 30 ದಿನಗಳೊಳಗೆ ಮೇಲ್ಮನವಿಗೆ ಅವಕಾಶವಿದೆ.

ಇನ್ನು ಆ ರಿವಾಲ್ವರಿನ ಮಾತು. ಮೂವತ್ತು ವರ್ಷ ತಿಜೋರಿಯಲ್ಲಿದ್ದದ್ದನ್ನು ತೆಗೆದು ಹಾಗೆಯೇ ಕಟ್ಟಿಕೊಳ್ಳುವ ಯೋಚನೆ ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ. ಒಮ್ಮೆ ಒಬ್ಬ ಹಿರಿಯರು ಇಂಥದ್ದೇ ರಿವಾಲ್ವರನ್ನು ಅದರ ಚರ್ಮದ ಹೋಲ್‌ಸ್ಟರಿನ (ಸೊಂಟಕ್ಕೆ ಕಟ್ಟುವ ಒರೆಯ) ಸಮೇತ ನನ್ನ ಮೇಜಿನ ಮೇಲೆ ಇಟ್ಟರು. ಹೊರಗಿನಿಂದ ಲಕಲಕ ಹೊಳೆಯುತ್ತಿತ್ತು. ತೆರೆದು ನೋಡಿದರೆ ಸಿಲಿಂಡರಿನ ಆರೂ ಮನೆಗಳಲ್ಲಿ ಗುಂಡು ತುಂಬಿತ್ತು, ಹಿತ್ತಾಳೆಯ ಕೋಶಗಳ ಸುತ್ತ ಹಸಿರು ಕಿಲುಬು ಹಿಡಿದು ಅವು ಮನೆಗಳಿಗೇ ಅಂಟಿಕೊಂಡಿದ್ದವು. ಹೊರದೂಡುವ ಕಡ್ಡಿಯನ್ನು ಒತ್ತಿದರೆ ಎರಡು ಮಾತ್ರ ಮೇಲೆದ್ದವು. ಚರ್ಮ ಹದ ಮಾಡುವಾಗ ಬಳಸಿದ ಆಮ್ಲವೇ ಹಿತ್ತಾಳೆಯನ್ನು ತಿನ್ನುತ್ತದೆ, ಆದ್ದರಿಂದ ಹೋಲ್‌ಸ್ಟರ್ ಒಯ್ಯುವುದಕ್ಕೆ ಮಾತ್ರ, ಇಡುವುದಕ್ಕಲ್ಲ. ಅವರು ಹನ್ನೊಂದು ವರ್ಷ ಅದನ್ನು ನಂಬಿಕೊಂಡು ತಿರುಗಿದ್ದರು, ಒಂದು ಗುಂಡನ್ನೂ ಹಾರಿಸಿ ನೋಡಿರಲಿಲ್ಲ. ನಿಮ್ಮದನ್ನು ಪರವಾನಗಿ ಪಡೆದ ಅಂಗಡಿಯ ಆರ್ಮರರ್‌ಗೆ ತೋರಿಸಿ, ಹಳೆಯ ಗುಂಡುಗಳನ್ನು ಅಲ್ಲಿಯೇ ಒಪ್ಪಿಸಿ, ಹೊಸವನ್ನು ಕೊಳ್ಳಿರಿ. ಕೊಳ್ಳುವಾಗ ಒಂದು ಎಚ್ಚರ ಬೇಕು: .32 ರಿವಾಲ್ವರಿನ ಗುಂಡು ಬೇರೆ, .32 ಪಿಸ್ತೂಲಿನ ಗುಂಡು ಬೇರೆ. ಹೆಸರಿನಲ್ಲಿ ಅಂಕಿ ಒಂದೇ ಆದರೂ ಒಂದರದನ್ನು ಇನ್ನೊಂದಕ್ಕೆ ಹಾಕಬಾರದು.

ಹ್ಯಾಮರಿಗೂ (ಟ್ರಿಗರ್ ಎಳೆದಾಗ ಗುಂಡಿನ ಹಿಂಬದಿಗೆ ಬಡಿಯುವ ಭಾಗ) ಗುಂಡಿಗೂ ನಡುವೆ ತಡೆ ಇದೆಯೇ ಎಂಬುದನ್ನು ಕೂಡ ಆರ್ಮರರ್ ಬಳಿ ಕೇಳಿ ತಿಳಿದುಕೊಳ್ಳಿರಿ. ಅಂಥ ತಡೆ ಇಲ್ಲದ ಹಳೆಯ ರಿವಾಲ್ವರ್ ಕೈ ಜಾರಿ ಹ್ಯಾಮರಿನ ಮೇಲೆ ಬಿದ್ದರೆ ಗುಂಡು ಹಾರಬಹುದು. ಅದಕ್ಕಾಗಿಯೇ ಅಂಥವುಗಳಲ್ಲಿ ಐದೇ ಗುಂಡು ತುಂಬಿ, ಹ್ಯಾಮರಿನ ಕೆಳಗಿನ ಮನೆಯನ್ನು ಖಾಲಿ ಬಿಡುವ ರೂಢಿ ಬಂದಿದೆ.

ಒಯ್ಯುವುದು ಹೇಗೆ ಎಂದು ಕೇಳಿದ್ದೀರಿ. ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಹೋಲ್‌ಸ್ಟರಿನೊಳಗೇ ಇರಬೇಕು, ಹೊರತೆಗೆದು ಝಳಪಿಸುವುದು ನಿಷಿದ್ಧ, ಇದು ನಿಯಮ. ಅಂಗಿಯ ಜೇಬು, ಬೈಕಿನ ಡಿಕ್ಕಿ, ನಗದಿನ ಚೀಲ, ಇವು ಮೂರೂ ತಪ್ಪು ಜಾಗಗಳು. ಚೀಲ ಕಸಿದುಕೊಂಡವನಿಗೆ ಹಣದ ಜೊತೆ ರಿವಾಲ್ವರನ್ನೂ ಕೊಟ್ಟಂತಾಗುತ್ತದೆ. ನಮ್ಮ ಭಾಗದ ವ್ಯಾಪಾರಸ್ಥರಲ್ಲಿ ಅನೇಕರು ಧೋತರ ಉಡುತ್ತಾರೆ, ಇಲ್ಲವೇ ಲಾಡಿಯ ಪೈಜಾಮ ತೊಡುತ್ತಾರೆ, ಈ ಎರಡರ ಮೇಲೂ ಹೋಲ್‌ಸ್ಟರ್ ನಿಲ್ಲುವುದಿಲ್ಲ. ದಪ್ಪ ಚರ್ಮದ ಬೆಲ್ಟಿನ ಪ್ಯಾಂಟು ಬೇಕು, ಬಲಗೈಯವರಾದರೆ ಬಲಸೊಂಟದ ಮೇಲೆ, ಟ್ರಿಗರ್ ಪೂರ್ತಿ ಮುಚ್ಚುವ ಹೋಲ್‌ಸ್ಟರ್ ಬೇಕು, ಅದರ ಮೇಲೆ ಅಂಗಿ ಇಳಿಬಿದ್ದಿರಬೇಕು. ರಿವಾಲ್ವರ್ ಇದೆಯೆಂದು ಸವಾಲಿನ ಕಟ್ಟೆಯ ಮೇಲಿನ ಯಾರಿಗೂ ಗೊತ್ತಾಗದಿದ್ದರೆ ಅದನ್ನು ಸರಿಯಾಗಿ ಒಯ್ಯುತ್ತಿದ್ದೀರಿ ಎಂದು ಅರ್ಥ. ಮನೆ ಮುಟ್ಟಿದ ಕೂಡಲೇ, ಊಟಕ್ಕೆ ಕೂಡುವ ಮೊದಲೇ ಗುಂಡು ತೆಗೆದು ಎಣಿಸಿ, ರಿವಾಲ್ವರನ್ನು ತಿಜೋರಿಯಲ್ಲಿಯೂ ಗುಂಡನ್ನು ಬೇರೆ ಬೀಗದಲ್ಲಿಯೂ ಇಡಿರಿ. ಮನೆಯಲ್ಲಿ ಮಕ್ಕಳಿದ್ದರೆ ಈ ಕೆಲಸವನ್ನು ಒಂದು ದಿನವೂ ನಾಳೆಗೆ ಬಿಡಬೇಡಿರಿ.

ಈಗ ನನ್ನ ಮನಸ್ಸಿನಲ್ಲಿರುವ ಮುಖ್ಯ ಮಾತು. ರಿವಾಲ್ವರ್ ಇದ್ದರೆ ದರೋಡೆ ತಪ್ಪುತ್ತದೆ ಎಂದು ನೀವು ನಂಬಿದ್ದೀರಿ, ಆದರೆ ಬೈಕ್ ಮೇಲಿನ ನಿಮ್ಮ ಸ್ಥಿತಿಯಲ್ಲಿ ಅದು ಬಹಳ ಕಡಿಮೆ ಉಪಯೋಗಕ್ಕೆ ಬರುತ್ತದೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ 1983ರಲ್ಲಿ ಬರೆದ ಲೇಖನದಲ್ಲಿ, ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಓಡಿ ಮುಟ್ಟುತ್ತಾನೆ ಎಂದು ತೋರಿಸಿದರು. ಪಳಗಿದ ಪೊಲೀಸನಿಗೂ ಹೋಲ್‌ಸ್ಟರಿನಿಂದ ತೆಗೆದು ಗುರಿಯಿಟ್ಟು ಹಾರಿಸಲು ಅಷ್ಟೇ ಹೊತ್ತು ಹಿಡಿಯುತ್ತದೆ. ನಿಮ್ಮ ಎರಡೂ ಕೈ ಹ್ಯಾಂಡಲ್ ಮೇಲಿರುತ್ತವೆ, ಮುಖಕ್ಕೆ ಖಾರದಪುಡಿ ಬೀಳಬಹುದು. ಅದರ ಮೇಲೆ ರಿವಾಲ್ವರಿನ ಟ್ರಿಗರ್ ಉದ್ದಕ್ಕೆ, ಬಿಗಿಯಾಗಿ ಎಳೆಯಬೇಕಾದದ್ದು. ಗಾಬರಿಯಲ್ಲಿ ಜಗ್ಗಿದರೆ ಬಲಗೈಯವರ ಗುಂಡು ಸಾಮಾನ್ಯವಾಗಿ ಕೆಳಕ್ಕೆ, ಎಡಕ್ಕೆ ಹೋಗುತ್ತದೆ. ಅಭ್ಯಾಸವಿಲ್ಲದ ಕೈಯಲ್ಲಿ ಅದು ಹತ್ತು ಅಡಿ ದೂರದಲ್ಲಿಯೂ ಗುರಿ ತಪ್ಪುತ್ತದೆ.

ಗುರಿ ತಪ್ಪದಿದ್ದರೂ ಕಾನೂನು ಮುಂದೆ ನಿಂತಿರುತ್ತದೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕನ್ನು ಕೊಡುತ್ತವೆ, ಸುಲಿಗೆಯ ವಿರುದ್ಧವೂ ಆ ಹಕ್ಕು ಇದೆ. ಆದರೆ ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಮತ್ತು ಸುಲಿಗೆಯಲ್ಲಿ ಸಾವಿನ, ಗಾಯದ ಅಥವಾ ತಡೆದು ಹಿಡಿಯುವ ಭಯ ಇರುವವರೆಗೆ ಮಾತ್ರ ಆ ಹಕ್ಕು ಇರುತ್ತದೆ. ಚೀಲ ಕಿತ್ತುಕೊಂಡು ಓಡುತ್ತಿರುವವನ ಬೆನ್ನಿಗೆ ಗುಂಡು ಹಾರಿಸಿದರೆ ಆ ರಕ್ಷಣೆ ನಿಮಗೆ ಸಿಗುವುದು ಕಷ್ಟ. ಹಕ್ಕಿನ ಮಿತಿಯಲ್ಲಿಯೇ ಹಾರಿಸಿದೆನೆಂದು ನ್ಯಾಯಾಲಯದಲ್ಲಿ ತೋರಿಸುವ ಹೊಣೆಯೂ ನಿಮ್ಮದೇ.

ತಾಸಗಾಂವ, ಸಾಂಗ್ಲಿ ಪೇಟೆಗಳಿಗೂ ನೀವು ಹೋಗುತ್ತಿರಬೇಕು. ಪರವಾನಗಿ ಯಾವ ಪ್ರದೇಶಕ್ಕೆ ಎಂಬುದು ಅದರ ಮೇಲೆಯೇ ಬರೆದಿರುತ್ತದೆ. ಕರ್ನಾಟಕಕ್ಕೆ ಮಾತ್ರ ಎಂದಿದ್ದರೆ ಅಥಣಿ ದಾಟಿ ಮಹಾರಾಷ್ಟ್ರದ ಗಡಿ ಹೊಕ್ಕ ಕೂಡಲೇ ಷರತ್ತು ಮುರಿದಂತಾಗುತ್ತದೆ. ಚುನಾವಣೆ ಬಂದು ಶಸ್ತ್ರ ಒಪ್ಪಿಸಬೇಕೆಂದು ಆದೇಶವಾದರೆ ಠಾಣೆಗೆ ಕೊಡಬೇಕು. ಆ ವಾರಗಳಲ್ಲಿಯೂ ವ್ಯಾಪಾರ ನಡೆದೇ ಇರುತ್ತದಲ್ಲವೇ? ಆಗ ಹಣವನ್ನು ಹೇಗೆ ತರುತ್ತೀರೋ ಹಾಗೆಯೇ ಉಳಿದ ದಿನಗಳಲ್ಲಿಯೂ ತರಬಹುದು.

ಆದ್ದರಿಂದ ಮೊದಲು ನಗದನ್ನು ಕಡಿಮೆ ಮಾಡಿರಿ. ಒಬ್ಬರಿಂದ ಒಂದೇ ದಿನದಲ್ಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರಿಂದಲೇ ನಿಷೇಧಿಸಿದೆ, ಹಾಗಾಗಿ ದೊಡ್ಡ ಮೊತ್ತ ಆರ್‌ಟಿಜಿಎಸ್‌ನಲ್ಲಿ ಬರುವುದೇ ಸರಿ. ಉಳಿದ ನಗದನ್ನು ಹಗಲಲ್ಲೇ ವಿಜಯಪುರದ ಬ್ಯಾಂಕಿಗೆ ಕಟ್ಟಿರಿ. ಅನಿವಾರ್ಯವಾದಾಗ ಬೈಕ್ ಬಿಟ್ಟು ಕಾರಿನಲ್ಲಿ, ಜೊತೆಗೆ ಒಬ್ಬರನ್ನು ಕರೆದುಕೊಂಡು, ಹೊರಡುವ ಹೊತ್ತನ್ನು ಬದಲಿಸುತ್ತ ಹೋಗಿರಿ. ಬೆನ್ನು ಹತ್ತಿದವರ ಬಗ್ಗೆ ಠಾಣೆಯಲ್ಲಿ ದೂರು ಕೊಟ್ಟಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ಕೊಡದಿದ್ದರೆ ನಾಳೆಯೇ ಕೊಟ್ಟು, ದಿನ, ಹೊತ್ತು, ಜಾಗ, ಬೈಕಿನ ಬಣ್ಣವನ್ನು ನೆನಪಿದ್ದಷ್ಟು ಬರೆದು, ಸ್ವೀಕೃತಿ ಪಡೆದುಕೊಳ್ಳಿರಿ. ಜೀವಕ್ಕೆ ಅಪಾಯವಿದೆ ಎಂಬ ಕಾರಣ ಕೊಟ್ಟು ನೀವು ಜಿಲ್ಲಾಧಿಕಾರಿಗಳಿಗೆ ಸಲ್ಲಿಸುವ ಅರ್ಜಿಯ ಜೊತೆಗೆ ಅದರ ಪ್ರತಿಯನ್ನೂ ಲಗತ್ತಿಸಬೇಕಾಗುತ್ತದೆ. ಇನ್ನೊಮ್ಮೆ ಯಾರಾದರೂ ಹಿಂಬಾಲಿಸಿದರೆ ಮನೆಯ ದಾರಿ ಹಿಡಿಯದೆ, ಜನರಿರುವ ಧಾಬಾದಲ್ಲೋ ಪೆಟ್ರೋಲ್ ಪಂಪಿನಲ್ಲೋ ನಿಂತು 112ಕ್ಕೆ ಕರೆ ಮಾಡಿರಿ.