ಸಿಲಿಂಡರ್ ಮೇಲಿನ ಲೇಬಲ್ ಓದಿದ ಹುಡುಗ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ನಾಲ್ಕನೇ ತರಗತಿಯ ಹುಡುಗ. ಜೊತೆಗೆ ಬಂದವರು ಅವನ ತಾಯಿ ಮತ್ತು ಕ್ಲಾಸ್ ಟೀಚರ್. ದೂರು ಇಷ್ಟೇ: ಓದುವ ಪೀರಿಯಡ್ ಶುರುವಾದರೆ ಸಾಕು, ಅವನಿಗೆ ಬಾತ್‌ರೂಮ್ ನೆನಪಾಗುತ್ತದೆ. ವಾಪಸ್ ಬರುವಷ್ಟರಲ್ಲಿ ಬೆಲ್ ಹೊಡೆದಿರುತ್ತದೆ. "ಇವನಿಗೆ ಓದೋಕೇ ಬರಲ್ವೇನೋ ಅಂತ ಭಯ ಮೇಡಂ" ಎಂದರು ತಾಯಿ.

ನಾವು ಮಾತಾಡುವಾಗ ಹುಡುಗ ಹೊರಗೆ ಕೂತಿದ್ದ. ಕರೆಯಲು ಹೋದರೆ ಬೆಂಚಿನ ಮೇಲೆ ಇಲ್ಲ. ಗೋಡೆಗೆ ನೇತುಹಾಕಿದ್ದ ಬೆಂಕಿ ಆರಿಸುವ ಸಿಲಿಂಡರ್ ಮುಂದೆ ನಿಂತು, ಲೇಬಲ್ ಮೇಲೆ ಬೆರಳಿಟ್ಟು ಓದುತ್ತಿದ್ದ. ಪಿನ್ ಎಳೆಯಿರಿ, ಬೆಂಕಿಯ ಬುಡಕ್ಕೆ ಗುರಿಯಿಡಿ ಎಂದು ಅದರಲ್ಲಿತ್ತು. ನನ್ನನ್ನು ನೋಡಿ ಕೇಳಿದ: "ಮಿಸ್, ಬೆಂಕಿ ಮೇಲೆ ಇರತ್ತಲ್ವಾ, ಬುಡಕ್ಕೆ ಯಾಕೆ ಹೊಡೀಬೇಕು?" ಉರಿಯುತ್ತಿರುವ ವಸ್ತು ಕೆಳಗಿರುತ್ತೆ, ಜ್ವಾಲೆಗೆ ಹೊಡೆದರೆ ಪುಡಿ ಸುಮ್ನೆ ಹಾಳು ಎಂದೆ. "ಓ, ಹಾಗಾದ್ರೆ ಒಳಗಿರೋದು ನೀರಲ್ಲ!" ಎಂದ.

ಒಳಗೆ ಕರೆದು, ಟೀಚರ್ ತಂದಿದ್ದ ಕಥೆಪುಸ್ತಕ ಕೊಟ್ಟೆ. ಎರಡನೇ ಸಾಲಿಗೇ ದನಿ ಇಳಿಯಿತು. ಲೇಬಲ್ ಮೇಲಿನ ಪದಗಳಿಗಿಂತ ಸುಲಭವಾದ ಪದಗಳಲ್ಲೂ ತಡವರಿಸಿದ. ಕಥೆ ಏನಪ್ಪಾ ಎಂದು ಕೇಳಿದೆ. "ಇನ್ನೇನು ಮಿಸ್, ಕೊನೇಲಿ ಆ ಹುಡುಗ ಒಳ್ಳೆಯವನಾಗ್ತಾನೆ." ಅವನು ಓದಿದ್ದು ಒಂದೇ ಪುಟ. ಊಹೆ ಸರಿಯಾಗಿತ್ತು.

ಒಂದು ಲೇಬಲ್ ಓದಿದ ಮಾತ್ರಕ್ಕೆ ತೊಂದರೆ ಇಲ್ಲ ಎಂದು ಹೇಳಿ ಕಳಿಸಲು ಆಗುವುದಿಲ್ಲ. ಕಣ್ಣು ಪರೀಕ್ಷೆ ಮಾಡಿಸಲು ಹೇಳಿದೆ. ಇಷ್ಟದ ವಿಷಯದಲ್ಲೂ ಅಕ್ಷರ ಅದಲುಬದಲಾದರೆ, ಮೂರು ತಿಂಗಳಾದರೂ ತಡವರಿಕೆ ಹೋಗದಿದ್ದರೆ ಕಲಿಕಾ ತೊಂದರೆಯ ತಪಾಸಣೆ ಮಾಡಿಸೋಣ ಎಂದೂ ಹೇಳಿದೆ. ಆದರೆ ನನ್ನ ಅನುಮಾನ ಇದ್ದದ್ದು ಕ್ಲಾಸಿನ ಕಪಾಟಿನ ಮೇಲೆ.

ಅದರಲ್ಲಿ ಅರವತ್ತು ಚಿಲ್ಲರೆ ಪುಸ್ತಕ. ಬಹುಪಾಲು ಕಥೆ, ಹೆಚ್ಚಿನವುಗಳ ಕೊನೆಯಲ್ಲಿ 'ನೀತಿ'. ಮಾಹಿತಿ ಪುಸ್ತಕ ನಾಲ್ಕೇ, ಅದರಲ್ಲಿ ಎರಡು ಪ್ರಶ್ನೋತ್ತರದ ಸಾಮಾನ್ಯ ಜ್ಞಾನ. ಇವುಗಳಲ್ಲಿ ನೀವು ಎಷ್ಟು ಓದಿದ್ದೀರಿ ಎಂದು ಟೀಚರ್‌ಗೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಿಂದಿನ ರಟ್ಟು ಓದಿ ಆರಿಸಿದೆ ಮೇಡಂ" ಎಂದರು. ಬೈಯುವ ಹಕ್ಕು ನನಗಿರಲಿಲ್ಲ. ನನ್ನ ಮಗಳಿಗೆ ನಾನು ಕೊಂಡು, ಅವಳು ಮುಟ್ಟದೇ ಬಿಟ್ಟ ಪುಸ್ತಕಗಳು ಮನೆಯಲ್ಲಿ ಒಂದು ಸಾಲೇ ಇವೆ.

ಅವರಿಗೆ 1988ರ ಒಂದು ಪ್ರಯೋಗದ ಬಗ್ಗೆ ಹೇಳಿದೆ. ಅಮೆರಿಕದಲ್ಲಿ ಡೊನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ 64 ಮಕ್ಕಳಿಗೆ ಬೇಸ್‌ಬಾಲ್ ಆಟದ ಬಗ್ಗೆ ಒಂದು ಬರಹ ಓದಿಸಿದರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಅದನ್ನು ಚೆನ್ನಾಗಿ ಅರ್ಥ ಮಾಡಿಕೊಂಡರು. ಅಂದರೆ 'ಇವನು ಈ ಮಟ್ಟದ ಓದುಗ' ಎಂದು ಹಣೆಪಟ್ಟಿ ಹಚ್ಚುವಂತಿಲ್ಲ. ವಿಷಯ ಬದಲಾದರೆ ಮಟ್ಟವೂ ಬದಲಾಗುತ್ತದೆ.

ಐದು ಬೆರಳಿನ ಲೆಕ್ಕ ಅವರಿಗೆ ಗೊತ್ತಿತ್ತು. ಮಗು ಒಂದು ಪುಟ ಓದುತ್ತಾ ಗೊತ್ತಿಲ್ಲದ ಪ್ರತಿ ಪದಕ್ಕೂ ಒಂದು ಬೆರಳು ಮಡಚಬೇಕು. ಎರಡು ಮೂರಾದರೆ ಪುಸ್ತಕ ಸರಿ, ಐದಾದರೆ ಕಷ್ಟ. ಒಳ್ಳೆಯ ಲೆಕ್ಕವೇ. ಆದರೆ ಅದನ್ನು ಕಾನೂನು ಮಾಡಬೇಡಿ ಎಂದೆ. ಐದೂ ಬೆರಳು ಮಡಚಿದ ಮೇಲೂ ಹುಡುಗ ಪುಸ್ತಕ ಕೆಳಗಿಡುತ್ತಿಲ್ಲ ಅಂದರೆ, ಕಸಿದುಕೊಳ್ಳಬೇಡಿ.

ಕಥೆಪುಸ್ತಕ ಆರಿಸುವಾಗ ಮೊದಲ ಎರಡು ಪುಟ ಗಟ್ಟಿಯಾಗಿ ಓದಿ ನೋಡಿ ಎಂದೆ. ಅಷ್ಟರಲ್ಲಿ ಏನಾದರೂ ಎಡವಟ್ಟಾಗಬೇಕು, ಇಲ್ಲವೇ ಒಂದು ನಗು ಬರಬೇಕು. ನೀತಿಗೋಸ್ಕರವೇ ಬರೆದ ಕಥೆ ಮಕ್ಕಳಿಗೆ ವಾಸನೆಯಲ್ಲೇ ಗೊತ್ತಾಗುತ್ತೆ. ನೀವು ಓದಿ ನಿಮಗೇ ಆಕಳಿಕೆ ಬಂತಾ, ಪಕ್ಕಕ್ಕಿಡಿ.

ಮಾಹಿತಿ ಪುಸ್ತಕದ ವಿಷಯವೇ ಬೇರೆ. ಅದನ್ನು ಒಂದನೇ ಪುಟದಿಂದ ಓದಬೇಕಿಲ್ಲ ಎನ್ನುವುದನ್ನೇ ಎಷ್ಟೋ ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ. ಪರಿವಿಡಿ ನೋಡಿ ಬೇಕಾದ ಪುಟಕ್ಕೆ ಹಾರುವುದು, ಚಿತ್ರದ ಕೆಳಗಿನ ಸಾಲು ಮಾತ್ರ ಓದುವುದು, ಇದೆಲ್ಲ ಓದೇ. ಒಳಭಾಗ ಕತ್ತರಿಸಿ ತೋರಿಸುವ ಚಿತ್ರಗಳಿರಲಿ: ಹಡಗಿನ ಹೊಟ್ಟೆ, ಇರುವೆ ಗೂಡು. ಅಚ್ಚಾದ ವರ್ಷವನ್ನೂ ನೋಡಬೇಕು. ಅವರ ಕಪಾಟಿನ ಸೌರವ್ಯೂಹದ ಪುಸ್ತಕದಲ್ಲಿ ಇನ್ನೂ ಒಂಬತ್ತು ಗ್ರಹಗಳಿದ್ದವು! ಪ್ಲೂಟೊವನ್ನು 2006ರಲ್ಲೇ ಗ್ರಹಗಳ ಪಟ್ಟಿಯಿಂದ ತೆಗೆದಿದ್ದಾರೆ.

ಹೊರಡುವಾಗ ಟೀಚರ್ ಕೇಳಿದರು, "ಹಾಗಾದ್ರೆ ಹುಡುಗರಿಗೆ ಮಾಹಿತಿ, ಹುಡುಗಿಯರಿಗೆ ಕಥೆ ಅಂತ ಇಡ್ಲಾ?" ಬೇಡವೇ ಬೇಡ ಎಂದೆ. ಎರಡನ್ನೂ ಜೋಡಿ ಮಾಡಿ ಒಟ್ಟಿಗೆ ಇಡಿ. ಸಮುದ್ರದಲ್ಲಿ ಕಳೆದುಹೋದವರ ಕಥೆ, ಅದರ ಪಕ್ಕದಲ್ಲೇ ಹಡಗು ಹೇಗೆ ತೇಲುತ್ತೆ ಎಂಬ ಪುಸ್ತಕ. ಯಾವುದರಿಂದ ಯಾವುದಕ್ಕೆ ದಾಟುತ್ತಾರೋ ದಾಟಲಿ. ಇಪ್ಪತ್ತು ಪುಟಕ್ಕೆ ಬಿಟ್ಟರೂ 'ಯಾಕೆ ಮುಗಿಸಲಿಲ್ಲ' ಎನ್ನಬೇಡಿ. ಓದಿದ ಮೇಲೆ ಪ್ರಶ್ನೆಪತ್ರಿಕೆಯೂ ಬೇಡ. ತಾಯಿಗೆ ಹೇಳಿದ್ದು ಒಂದೇ: ಇವನ ಎದುರಿಗೆ 'ಓದಲ್ಲ' ಎಂಬ ಮಾತು ಆಡಬೇಡಿ.

ಮೂರು ತಿಂಗಳ ನಂತರ ಟೀಚರ್ ಫೋನ್ ಮಾಡಿದರು. ಕಣ್ಣು ಸರಿಯಿದೆ. ಹಡಗಿನ ಪುಸ್ತಕವನ್ನು ತಡವರಿಸದೆ ಓದುತ್ತಾನೆ, ಹಾಗಾಗಿ ತಪಾಸಣೆಗೆ ಸದ್ಯ ಕಳಿಸಿಲ್ಲ. ಬಾತ್‌ರೂಮ್ ಓಟ ವಾರಕ್ಕೆ ಒಂದೆರಡು ಸಲ ಈಗಲೂ ಉಂಟು. ಸೌರವ್ಯೂಹದ ಹಳೇ ಪುಸ್ತಕವನ್ನು ಅವರು ಎಸೆದಿಲ್ಲ, ತಪ್ಪು ಹುಡುಕಿ ಎಂದು ಮಕ್ಕಳಿಗೇ ಕೊಟ್ಟರಂತೆ. ಪ್ಲೂಟೊ ಪುಟಕ್ಕೆ ಚೀಟಿ ಅಂಟಿಸಿದವನು ಇವನೇ. ಕಥೆಪುಸ್ತಕ ಮಾತ್ರ ಇದುವರೆಗೆ ಒಂದೇ ಮುಗಿಸಿದ್ದಾನೆ. ಅದರಲ್ಲಿ ಹಡಗು ಮುಳುಗುತ್ತದಂತೆ, ಆದರೆ ಮುಳುಗಿದ ರೀತಿ ಸರಿಯಿಲ್ಲ ಎಂದು ಅವನ ತಕರಾರು.