ತೂಕ ಇಳಿದ ಮೇಲೆ ಹೆಚ್ಚುವ ಹಸಿವು

ಓದುಗರ ಪತ್ರ: ಏಳು ತಿಂಗಳು ಪಥ್ಯ ಮಾಡಿ 78 ಕಿಲೊದಿಂದ 67ಕ್ಕೆ ಇಳಿದಿದ್ದೆ. ಒಂದೂವರೆ ವರ್ಷದಲ್ಲಿ ಮತ್ತೆ 74ಕ್ಕೆ ಬಂದಿದ್ದೇನೆ. ಊಟವಾಗಿ ಎರಡು ಗಂಟೆ ಕಳೆಯುವಷ್ಟರಲ್ಲಿ ಹಸಿವು, ಮೊದಲು ಹೀಗಿರಲಿಲ್ಲ. ‘ಬಾಯಿ ಕಟ್ಟಲು ಬಾರದವಳು’ ಎಂದು ಮನೆಯವರೇ ಆಡಿಕೊಳ್ಳುತ್ತಾರೆ. ನನ್ನ ಮನಸ್ಸು ಅಷ್ಟು ದುರ್ಬಲವೇ? ಮತ್ತೆ ಅದೇ ಪಥ್ಯ ಶುರು ಮಾಡಲೇ?
– ಶಿಕ್ಷಕಿ, ಹಾಸನ ಜಿಲ್ಲೆ

ಸಂಪಾದಕರ ಉತ್ತರ: ಖಂಡಿತ ದುರ್ಬಲವಲ್ಲ. ನೀವು ಹೇಳುತ್ತಿರುವ ಹಸಿವನ್ನು ವಿಜ್ಞಾನಿಗಳು ರಕ್ತದಲ್ಲೇ ಅಳೆದು ನೋಡಿದ್ದಾರೆ.

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಪ್ರಿಯಾ ಸುಮಿತ್ರನ್, ಜೋಸೆಫ್ ಪ್ರೊಯೆಟ್ಟೊ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ತೂಕ ಹೆಚ್ಚಿದ್ದ, ಮಧುಮೇಹವಿಲ್ಲದ 50 ಜನ ಹತ್ತು ವಾರಗಳ ಕಠಿಣ ಪಥ್ಯಕ್ಕೆ ಸೇರಿದರು. ದಿನಕ್ಕೆ ಸುಮಾರು 500 ಕ್ಯಾಲೊರಿ, ಅಷ್ಟೇ. ಕೊನೆಯವರೆಗೂ ಉಳಿದ 34 ಜನ ಸರಾಸರಿ ಹದಿಮೂರೂವರೆ ಕಿಲೊ ಇಳಿದಿದ್ದರು. ಪಥ್ಯಕ್ಕೆ ಮೊದಲು, ಪಥ್ಯ ಮುಗಿದಾಗ, ಅದಾಗಿ ಒಂದು ವರ್ಷಕ್ಕೆ, ಹೀಗೆ ಮೂರು ಸಲ ಅವರನ್ನು ಪರೀಕ್ಷಿಸಿದರು. ಬರಿಹೊಟ್ಟೆಯಲ್ಲಿ ರಕ್ತ ತೆಗೆದು, ಪ್ರತಿ ಸಲವೂ ಒಂದೇ ಬಗೆಯ ತಿಂಡಿ ಕೊಟ್ಟು, ನಾಲ್ಕು ಗಂಟೆಯವರೆಗೆ ಮತ್ತೆ ಮತ್ತೆ ರಕ್ತ ತೆಗೆಯುತ್ತಿದ್ದರು. ಎಷ್ಟು ಹಸಿವಾಗುತ್ತಿದೆ ಎಂಬುದನ್ನು ಒಂದು ಗೆರೆಯ ಮೇಲೆ ಅವರೇ ಗುರುತು ಹಾಕಬೇಕಿತ್ತು.

ಹತ್ತು ವಾರಕ್ಕೆ ಅವರ ತೂಕ ಶೇ 14ರಷ್ಟು ಇಳಿದಿತ್ತು. ಆದರೆ ಲೆಪ್ಟಿನ್ ಶೇ 65ರಷ್ಟು ಕುಸಿದಿತ್ತು. ಕೊಬ್ಬಿನ ಕೋಶಗಳಿಂದ ಹೊರಟು ‘ದಾಸ್ತಾನು ಇದೆ, ಭಯವಿಲ್ಲ’ ಎಂದು ಮಿದುಳಿಗೆ ತಿಳಿಸುವ ಹಾರ್ಮೋನು ಇದು. 1994ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಕಂಡುಹಿಡಿದದ್ದು. ಜಠರದಲ್ಲಿ ಹುಟ್ಟಿ ಊಟದ ಹೊತ್ತಿಗೆ ಹಸಿವೆಬ್ಬಿಸುವ ಗ್ರೆಲಿನ್ ಏರಿತ್ತು. ತಿಂದ ಮೇಲೆ ಕರುಳಿನಿಂದ ಬಂದು ‘ಸಾಕು’ ಎನ್ನಬೇಕಾದ ಪಿವೈವೈ ಮತ್ತು ಕೊಲೆಸಿಸ್ಟೊಕೈನಿನ್ ತಗ್ಗಿದ್ದವು. ಹಸಿವೆಬ್ಬಿಸುವುದು ಹೆಚ್ಚಿ, ತಡೆಯುವವು ಕುಗ್ಗಿದರೆ ಮನುಷ್ಯ ಏನು ಮಾಡಬೇಕು?

ನಿಮ್ಮ ಮನೆಯವರು ಓದಬೇಕಾದದ್ದು ಮುಂದಿನ ಮಾತು. ಒಂದು ವರ್ಷ ಕಳೆದು, ಇಳಿದದ್ದರಲ್ಲಿ ಸರಾಸರಿ ಐದೂವರೆ ಕಿಲೊ ಮರಳಿ ಬಂದಿದ್ದರೂ ಲೆಪ್ಟಿನ್ ಹಳೆಯ ಮಟ್ಟಕ್ಕಿಂತ ಮೂರನೇ ಒಂದು ಪಾಲಿಗೂ ಹೆಚ್ಚು ಕೆಳಗೇ ಇತ್ತು, ಗ್ರೆಲಿನ್ ಮೇಲೆಯೇ ಇತ್ತು. ಹಸಿವಿನ ಗುರುತೂ ಇಳಿದಿರಲಿಲ್ಲ. ತೂಕ ಇಳಿಯುವಾಗ ಊರೆಲ್ಲ ಹೊಗಳುತ್ತದೆ. ನಿಜವಾದ ಕಷ್ಟ ಶುರುವಾಗುವುದು ಹೊಗಳಿಕೆ ನಿಂತ ಮೇಲೆ. ಆಗ ಬೆನ್ನು ತಟ್ಟುವ ಬದಲು ಮೂದಲಿಸುವುದು ಅನ್ಯಾಯ ಎಂದೇ ನಾನು ಹೇಳುತ್ತೇನೆ. ಮೊದಲು–ನಂತರ ಎಂದು ಎರಡು ಫೋಟೊ ಹಾಕಿ ಹಣ ಕೇಳುವ ಜಾಹೀರಾತುಗಳು ಎರಡು ವರ್ಷದ ನಂತರದ ಮೂರನೆಯ ಫೋಟೊವನ್ನೂ ತೋರಿಸಲಿ.

ಅಮೆರಿಕದ ಕೆವಿನ್ ಹಾಲ್ ಮತ್ತಿತರರು 2016ರಲ್ಲಿ ಇದರ ಲೆಕ್ಕ ಹಾಕಿದರು. ಇಳಿದ ಪ್ರತಿ ಕಿಲೊಗೆ ದೇಹ ದಿನಕ್ಕೆ 20–30 ಕ್ಯಾಲೊರಿ ಕಡಿಮೆ ಖರ್ಚು ಮಾಡುತ್ತದೆ. ಹಸಿವು ಮಾತ್ರ ಸುಮಾರು 100 ಕ್ಯಾಲೊರಿಯಷ್ಟು ಹೆಚ್ಚುತ್ತದೆ. ಆ ಅಂದಾಜಿನಂತೆ ಹನ್ನೊಂದು ಕಿಲೊ ಇಳಿದ ನೀವು ದಿನಕ್ಕೆ ಸಾವಿರ ಕ್ಯಾಲೊರಿ ಮೀರಿದ ಸೆಳೆತದ ವಿರುದ್ಧ ನಿಂತಿದ್ದಿರಿ, ಅದೂ ತರಗತಿಯಲ್ಲಿ ಪಾಠ ಮಾಡುತ್ತಾ, ಮನೆಮಂದಿಗೆಲ್ಲ ಬಡಿಸುತ್ತಾ.

ಇನ್ನು ಎರಡನೆಯ ಪ್ರಶ್ನೆ. ಅದೇ ಪಥ್ಯ ಬೇಡ. 78ರಿಂದ 74 ಎಂದರೆ ಶೇ 5ರಷ್ಟು ಇಳಿಕೆ ಇನ್ನೂ ನಿಮ್ಮ ಕೈಯಲ್ಲಿದೆ. ರಕ್ತದ ಸಕ್ಕರೆ, ರಕ್ತದೊತ್ತಡ ಸುಧಾರಿಸಲು ವೈದ್ಯರು ಲೆಕ್ಕಕ್ಕೆ ತೆಗೆದುಕೊಳ್ಳುವ ಪ್ರಮಾಣವದು. ಸದ್ಯಕ್ಕೆ ಈ 74ನ್ನು ಬಿಟ್ಟುಕೊಡದಿರುವುದೇ ಗುರಿಯಾಗಲಿ. ತಟ್ಟೆಯಲ್ಲಿ ಅನ್ನ ಸ್ವಲ್ಪ ತಗ್ಗಿ ಹೆಸರುಕಾಳು, ಹುರುಳಿ, ಮೊಸರು, ತಿನ್ನುವುದಾದರೆ ಮೊಟ್ಟೆ ಹೆಚ್ಚಲಿ. ಪ್ರೋಟೀನು ಹೊಟ್ಟೆಯನ್ನು ಹೆಚ್ಚು ಹೊತ್ತು ತಣಿಸುತ್ತದೆ. ಇಳಿದ ತೂಕವನ್ನು ಉಳಿಸಿಕೊಳ್ಳಲು ದಿನದ ನಡಿಗೆ ನೆರವಾಗುತ್ತದೆ. ಥೈರಾಯ್ಡ್ ಪರೀಕ್ಷೆಯನ್ನೂ ಒಮ್ಮೆ ಮಾಡಿಸಿಕೊಳ್ಳಿ.

ಇಷ್ಟಾದರೂ ಹಸಿವು ಮಣಿಯದಿದ್ದರೆ ವೈದ್ಯರ ಬಳಿ ಔಷಧದ ಮಾತೆತ್ತಲು ಸಂಕೋಚಪಡಬೇಡಿ. ಕರುಳಿನ ಜಿಎಲ್‌ಪಿ–1 ಹಾರ್ಮೋನನ್ನು ಅನುಕರಿಸುವ ಸೆಮಾಗ್ಲುಟೈಡ್ ಹಸಿವನ್ನೇ ತಗ್ಗಿಸುತ್ತದೆ. ಆದರೆ ಅದನ್ನು ನಿಲ್ಲಿಸಿದವರನ್ನು ಒಂದು ವರ್ಷ ಗಮನಿಸಿದ ಅಧ್ಯಯನದಲ್ಲಿ, ಇಳಿದ ತೂಕದ ಮೂರನೇ ಎರಡು ಪಾಲು ಮರಳಿತ್ತು. ಎಷ್ಟು ಕಾಲ ತೆಗೆದುಕೊಳ್ಳಬೇಕು, ಖರ್ಚೆಷ್ಟು, ಅಡ್ಡಪರಿಣಾಮವೇನು ಎಂಬುದನ್ನು ಮೊದಲ ಭೇಟಿಯಲ್ಲೇ ಕೇಳಿ.